ಜಿಗಿತ ಬೇಡ, ಅದರ ಹಿಂದಿನ ಹೆಜ್ಜೆ ಹಿಡಿಯಿರಿ

ಮದುವೆ ವಿಡಿಯೋ ಮಾಡುವವನ ಕಣ್ಣು ಮುಖದ ಮೇಲೇ ಇರುತ್ತದೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ನಕ್ಕಳಾ, ಅವಳವ್ವ ಕಣ್ಣು ಒರೆಸಿಕೊಂಡಳಾ, ಅದು ಸಿಕ್ಕರೆ ಸಾಕು. ಯಾರ ಕಾಲು ಎಲ್ಲಿತ್ತು ಅಂತ ಯಾರೂ ಕೇಳುವುದಿಲ್ಲ. ವಿಜಯಪುರದಲ್ಲಿ ನನ್ನ ಹೊಟ್ಟೆ ತುಂಬಿಸುವುದು ಇದೇ ಕೆಲಸ. ಮುಹೂರ್ತ ಇಲ್ಲದ ದಿನಗಳಲ್ಲಿ ಮಾತ್ರ ನಸುಕಿನಲ್ಲೇ ಎದ್ದು, ಅದೇ ಕ್ಯಾಮೆರಾ ಹೊತ್ತು ಕ್ರೀಡಾಂಗಣಕ್ಕೆ ಹೋಗುತ್ತೇನೆ. ಅಲ್ಲಿ ಎಲ್ಲ ಉಲ್ಟಾ. ಮುಖ ಬೇಡ. ಪಾದ ಬೇಕು, ಮೊಣಕಾಲು ಬೇಕು, ಸೊಂಟ ಬೇಕು. ಎಲ್ಲರೂ ಚಪ್ಪಾಳೆ ತಟ್ಟುವ ಗಳಿಗೆಯೂ ಅಷ್ಟಾಗಿ ಬೇಡ.

ಇದನ್ನು ನನಗೆ ಹೇಳಿದವರು ಉದ್ದ ಜಿಗಿತ ಕಲಿಸುವ ಒಬ್ಬ ಕೋಚ್. ನಾನು ಮರಳಿನ ಗುಂಡಿಯ ಮುಂದೆ ಟ್ರೈಪಾಡ್ ಬಿಚ್ಚುತ್ತಿದ್ದೆ. "ಅಣ್ಣಾರ, ಆಕಿ ಹಾರೂದು ನನಗ ಕಣ್ಣಿಗೇ ಕಾಣಸ್ತದ. ಹಾರೂದಕ್ಕಿಂತ ಮೊದಲ ಏನ್ ಮಾಡ್ತಾಳ, ಅದು ಬೇಕು" ಅಂದರು. ಟ್ರೈಪಾಡ್ ಎತ್ತಿ ಹಿಂದಕ್ಕೆ ಕರೆದುಕೊಂಡು ಹೋದರು. ಓಡಿ ಬಂದು ಕಾಲೂರಿ ಹಾರುವ ಹಲಗೆಯೂ ಅದರ ಹಿಂದಿನ ಮೂರು ನಾಲ್ಕು ಹೆಜ್ಜೆಗಳೂ ಫ್ರೇಮಿನಲ್ಲಿ ಕೂಡಬೇಕು. ಹುಡುಗಿ ಗಾಳಿಯಲ್ಲಿ ಇರುವಾಗ ಫ್ರೇಮಿನಿಂದ ಹೊರಗೆ ಹೋದರೂ ಚಿಂತೆ ಇಲ್ಲ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಮ್ಮೆ ಪಾದ ಹಲಗೆ ಬಿಟ್ಟ ಮೇಲೆ ಮೈ ಹೋಗುವ ದಾರಿ ತೀರ್ಮಾನ ಆಗಿಬಿಟ್ಟಿರುತ್ತದೆ. ಗಾಳಿಯಲ್ಲಿ ಕೈಕಾಲು ಎಷ್ಟೇ ಆಡಿಸಿದರೂ ಆ ದಾರಿ ಬದಲಾಗದು. ತೋಲ ತಪ್ಪದ ಹಾಗೆ ನೋಡಿಕೊಂಡು, ಕಾಲು ಮುಂದೆ ಚಾಚಿ ಇಳಿಯಬಹುದು, ಅಷ್ಟೇ. ವೇಗ, ಎತ್ತರ ಎಲ್ಲ ಹಲಗೆ ಮೇಲೆ ಮತ್ತು ಅದಕ್ಕೂ ಮೊದಲೇ ಸಿದ್ಧವಾಗಬೇಕು. ಚೆನ್ನಾಗಿ ಹಾರುವವರ ಕೊನೆಯ ಎರಡು ಹೆಜ್ಜೆ ನೋಡಿ. ಕೊನೆಯದರ ಹಿಂದಿನ ಹೆಜ್ಜೆ ತುಸು ಉದ್ದ, ಅಲ್ಲಿ ಸೊಂಟ ಒಂಚೂರು ಕೆಳಗೆ ಇಳಿಯುತ್ತದೆ. ಕೊನೆಯ ಹೆಜ್ಜೆ ಗಿಡ್ಡ, ಪಾದ ಬೇಗ ಬಂದು ಹಲಗೆಗೆ ಬಡಿಯುತ್ತದೆ. ಹಾಗೆ ಕೆಳಗಿದ್ದ ಮೈ ಮೇಲಕ್ಕೆ ಏಳುತ್ತದೆ.

ಹೊಸಬರು ಮಾಡುವುದು ಬೇರೆ. ಹಲಗೆ ಹತ್ತಿರ ಬಂತು ಅಂತ ಕಣ್ಣು ಕೆಳಗೆ ಹೋಗುತ್ತದೆ. ಹೆಜ್ಜೆ ಸರಿ ಕೂರುವುದಿಲ್ಲ ಅಂತ ಅನುಮಾನ ಹುಟ್ಟುತ್ತದೆ. ನಾಲ್ಕೈದು ಹೆಜ್ಜೆ ಇರುವಾಗಲೇ ಸಣ್ಣ ಸಣ್ಣ ಹೆಜ್ಜೆ ಹಾಕಿ, ಕೊನೆಗೆ ಒಂದು ದೊಡ್ಡ ಹೆಜ್ಜೆ ಎಳೆದು ಹಲಗೆ ಮುಟ್ಟುತ್ತಾರೆ. ಪಾದ ಮೈಗಿಂತ ಬಹಳ ಮುಂದೆ ಬಿತ್ತು ಅಂದರೆ ಅದು ಬ್ರೇಕ್ ಹಾಕಿದ ಹಾಗೆ. ವೇಗ ಅಲ್ಲೇ ಹೋಯಿತು. ಮರಳಿನ ಹತ್ತಿರ ನಿಂತವರು "ಕಾಲು ಎತ್ತಲಿಲ್ಲ ನೋಡ್ರಿ" ಅನ್ನುತ್ತಾರೆ. ಕಾಲು ಎತ್ತಲು ಅವಳ ಹತ್ತಿರ ಹೊತ್ತೇ ಉಳಿದಿರಲಿಲ್ಲ. ತಪ್ಪು ಕಾಣುವುದು ಮರಳಿನಲ್ಲಿ, ಇರುವುದು ಐದು ಹೆಜ್ಜೆ ಹಿಂದೆ.

ಈ ಕೊನೆಯ ಹೆಜ್ಜೆಗಳು ಬರಿಗಣ್ಣಿಗೆ ಯಾಕೆ ಸಿಗುವುದಿಲ್ಲ ಅನ್ನುವುದಕ್ಕೆ ಸುಮ್ನೆ ಒಂದು ಲೆಕ್ಕ. ಹಲಗೆ ಮೇಲೆ ಪಾದ ಇರುವುದು ಸೆಕೆಂಡಿನ ಸುಮಾರು 0.12 ಭಾಗ. ಮೊಬೈಲಿನ ಮಾಮೂಲಿ ವಿಡಿಯೋ ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಬಿಡಿ ಚಿತ್ರ. ಹಲಗೆ ಒದ್ದು ಏಳುವ ಇಡೀ ಟೇಕಾಫ್ ಮೂರೋ ನಾಲ್ಕೋ ಫ್ರೇಮಿನಲ್ಲಿ ಮುಗಿಯಿತು. ಸೆಕೆಂಡಿಗೆ 7 ಮೀಟರ್ ಓಡುವ ಹುಡುಗಿಯ ಸೊಂಟ ಒಂದು ಫ್ರೇಮಿನಿಂದ ಇನ್ನೊಂದಕ್ಕೆ 23 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಹಲಗೆಯ ಅಗಲವೇ 20 ಸೆಂಟಿಮೀಟರ್! 240 ಫ್ರೇಮಿಗೆ ಹಾಕಿದರೆ ಅದೇ ಟೇಕಾಫ್‌ಗೆ 28, 29 ಫ್ರೇಮ್ ಸಿಗುತ್ತವೆ. ಸೊಂಟ ಫ್ರೇಮಿಗೆ 3 ಸೆಂಟಿಮೀಟರ್‌ನಷ್ಟು ಮಾತ್ರ ಸರಿಯುತ್ತದೆ. ಈಗ ಮಾತಾಡಲು ಏನಾದರೂ ಇದೆ.

ಫ್ರೇಮ್ ಜಾಸ್ತಿ ಮಾಡಿದರೆ ಮುಗಿಯಲಿಲ್ಲ, ಶಟರ್ ಕೂಡ ನೋಡಬೇಕು, ಅಂದರೆ ಒಂದೊಂದು ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳುತ್ತದೆ ಅಂತ. ಮದುವೆಯಲ್ಲಿ ನಾವು ಸೆಕೆಂಡಿನ 1/50ರಲ್ಲಿ ಇಡುತ್ತೇವೆ, ಚಲನೆ ನುಣ್ಣಗೆ ಕಾಣಲಿ ಅಂತ. ಅಷ್ಟು ಹೊತ್ತಿನಲ್ಲಿ ಆ ಹುಡುಗಿ 14 ಸೆಂಟಿಮೀಟರ್ ಹೋಗಿರುತ್ತಾಳೆ. ಬೀಸುವ ಪಾದ ಇನ್ನೂ ಜೋರು, ಹಾಗಾಗಿ ಅದು ಬರೀ ಮಸುಕು ಪಟ್ಟಿ. ಶಟರ್ 1/1000ಕ್ಕೆ ಹಾಕಿದರೆ 7 ಮಿಲಿಮೀಟರ್. ಶೂ ಲೇಸ್ ಕೂಡ ಎಣಿಸಬಹುದು. ಅದಕ್ಕೆ ಬೆಳಕು ಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಬೆಳಕಿಗೇನು ಬರ? ನಮ್ಮ ಕಷ್ಟ ಬೇರೆ. ಹತ್ತು ಗಂಟೆ ಆಯಿತು ಅಂದರೆ ಮೊಬೈಲು ಕಾದು ತಾನೇ ಬಂದ್ ಆಗುತ್ತದೆ. ಸೂರ್ಯ ನಮ್ಮ ಬೆನ್ನಿಗೆ ಇರುವಾಗ, ಬೆಳಗ್ಗೆಯೇ ಮುಗಿಸಿಬಿಡುವುದು ಒಳ್ಳೆಯದು.

ಕ್ಯಾಮೆರಾ ಎಲ್ಲಿ ಇಡುತ್ತೀರಿ ಅನ್ನುವುದು ಎಷ್ಟು ಫ್ರೇಮ್ ಅನ್ನುವುದಕ್ಕಿಂತ ದೊಡ್ಡ ಮಾತು. ಓಡುವ ದಾರಿಗೆ ಸರಿಯಾಗಿ ಅಡ್ಡ ನಿಲ್ಲಬೇಕು. 30 ಡಿಗ್ರಿ ಓರೆಯಾದರೆ ಉದ್ದದ ಹೆಜ್ಜೆ 13 ಪರ್ಸೆಂಟ್ ಗಿಡ್ಡವಾಗಿ ಕಾಣುತ್ತದೆ. ಎರಡು ಮೀಟರ್ ಹೆಜ್ಜೆಯಲ್ಲಿ ಕಾಲು ಮೀಟರಿಗೂ ಜಾಸ್ತಿ ಮಾಯ. ಹತ್ತಿರ ನಿಂತು ವೈಡ್ ಹಾಕುವ ಬದಲು ದೂರ ಹೋಗಿ ಝೂಮ್ ಮಾಡಬೇಕು. ಹತ್ತಿರದಿಂದ ತೆಗೆದರೆ ನಟ್ಟ ನಡುವೆ ಇರುವ ಹೆಜ್ಜೆ ಮಾತ್ರ ನಿಜ, ಅಂಚಿನವು ಓರೆ. ಆಟಗಾರನ ಹಿಂದೆ ಕ್ಯಾಮೆರಾ ತಿರುಗಿಸುತ್ತಾ ಹೋಗುವ ವಿಡಿಯೋ ನೋಡಲು ಚಂದ, ಅಳೆಯಲು ಬರುವುದಿಲ್ಲ. ಸುಣ್ಣದಲ್ಲಿ ಮೀಟರಿಗೊಂದು ಗುರುತು ಹಾಕುತ್ತೇವೆ. ಅದನ್ನೂ ಪಾದ ಬೀಳುವ ಗೆರೆಯಲ್ಲೇ ಹಾಕಬೇಕು. ಕ್ಯಾಮೆರಾ ಕಡೆಯ ಅಂಚಿನಲ್ಲಿ ಹಾಕಿದರೆ ಗುರುತು ಒಂದು ಹೇಳುತ್ತದೆ, ಪಾದ ಇನ್ನೊಂದು ಹೇಳುತ್ತದೆ.

ಒಂದೇ ಕ್ಯಾಮೆರಾ, ಒಂದೇ ಕೋನ ಎಷ್ಟು ದೊಡ್ಡ ರಾದ್ಧಾಂತ ಮಾಡಬಲ್ಲದು ಅಂತ ಕ್ರಿಕೆಟ್ ನೋಡುವವರಿಗೆ ಗೊತ್ತೇ ಇದೆ. 1995ರ ಬಾಕ್ಸಿಂಗ್ ಡೇ ಟೆಸ್ಟ್‌ನಲ್ಲಿ, ಮೆಲ್ಬರ್ನ್‌ನಲ್ಲಿ, ಶ್ರೀಲಂಕಾದ ಮುತ್ತಯ್ಯ ಮುರಳೀಧರನ್ ಬಾಗಿದ ಮೊಣಕೈ ನೆಟ್ಟಗೆ ಮಾಡಿ ಚೆಂಡು ಎಸೆಯುತ್ತಾರೆ ಅಂತ ಅಂಪೈರ್ ನೋಬಾಲ್ ಕೊಟ್ಟರು. ಟಿವಿಯಲ್ಲಿ ನೋಡಿದವರಿಗೂ ಹಾಗೇ ಕಂಡಿತು. ಅವರ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುವುದಿಲ್ಲ. ಬಾಗಿದ ಕೈ ಭುಜದಿಂದ ತಿರುಗಿದಾಗ, ಒಂದು ಕಡೆಯಿಂದ ನೋಡಿದವರಿಗೆ ಅದು ಬಾಗಿ ನೆಟ್ಟಗಾದ ಹಾಗೆ ಕಾಣುತ್ತದೆ. ಮೈಮೇಲೆ ಗುರುತು ಅಂಟಿಸಿ, ಸುತ್ತ ಹಲವು ಕ್ಯಾಮೆರಾ ಇಟ್ಟು ಲೆಕ್ಕ ಹಾಕಿದ ಮೇಲೆ ಚಿತ್ರ ಬದಲಾಯಿತು. ಅಷ್ಟೇ ಅಲ್ಲ, ನಾವೆಲ್ಲ ಶುದ್ಧ ಅಂದುಕೊಂಡ ಬೌಲರುಗಳ ಮೊಣಕೈಯೂ ಅಷ್ಟಿಷ್ಟು ನೆಟ್ಟಗಾಗುತ್ತದೆ ಅಂತ ಗೊತ್ತಾಯಿತು. 2005ರಿಂದ ಎಲ್ಲ ಬೌಲರುಗಳಿಗೂ 15 ಡಿಗ್ರಿಯ ಮಿತಿ ಬಂದದ್ದು ಹೀಗೆ.

ಕಣ್ಣು ಮೋಸ ಹೋಗುವುದು ಇವತ್ತಿನದಲ್ಲ. ಓಡುವ ಕುದುರೆಯ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವಾ ಅನ್ನುವ ಪ್ರಶ್ನೆಗೆ 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ದಾರಿಯುದ್ದಕ್ಕೂ ಸಾಲಾಗಿ ಕ್ಯಾಮೆರಾ ಇಟ್ಟು ಉತ್ತರ ತೆಗೆದರು. ಬಿಡುತ್ತವೆ. ಆದರೆ ಚಿತ್ರಕಾರರು ಬರೆಯುತ್ತಿದ್ದ ಹಾಗೆ ಮುಂಗಾಲು ಮುಂದೆ, ಹಿಂಗಾಲು ಹಿಂದೆ ಚಾಚಿದಾಗ ಅಲ್ಲ. ಕಾಲುಗಳೆಲ್ಲ ಹೊಟ್ಟೆ ಕೆಳಗೆ ಕೂಡಿಕೊಂಡಾಗ! ಕುದುರೆ ಜೊತೆಗೇ ಬದುಕಿದ ಜನ ತಲೆಮಾರುಗಟ್ಟಲೆ ನೋಡಿಯೂ ನೋಡದ ಗಳಿಗೆ ಅದು. ನಮ್ಮ ಕೋಚ್ ಕೇಳಿದ್ದೂ ಅಂಥದ್ದೇ ಗಳಿಗೆ ಅನ್ನಿಸುತ್ತದೆ. ಯಾರೂ ನೋಡದ್ದು.

ಸೈಕಲ್ ಕಡೆಗೆ ಬರುತ್ತೇನೆ. ವಿಜಯಪುರ, ಬಾಗಲಕೋಟೆ ಕಡೆ ಸೈಕ್ಲಿಂಗ್ ಹುಚ್ಚು ಹಳೆಯದು. ಬೆಳಗಿನ ಹೊತ್ತು ಹೆದ್ದಾರಿಯಲ್ಲಿ ಹುಡುಗರು ಸಾಲು ಹಿಡಿದು ಹೋಗುವುದನ್ನು ಈ ಭಾಗದವರು ನೋಡಿಯೇ ಇರುತ್ತೀರಿ. ಅವರನ್ನು ರಸ್ತೆ ಮೇಲೆ ಶೂಟ್ ಮಾಡಿದರೆ ಸಿನಿಮಾ ಆಗುತ್ತದೆ, ಅಷ್ಟೇ. ಪರೀಕ್ಷೆಗೆ ಸೈಕಲ್ಲನ್ನು ಒಂದೇ ಜಾಗದಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ತುಳಿಸಬೇಕು. ಸೊಂಟದ ಎಲುಬು, ಮೊಣಕಾಲಿನ ಪಕ್ಕ, ಕಾಲಿನ ಗಂಟು, ಈ ಮೂರು ಕಡೆ ಗುರುತು ಬೇಕು. ಪೇಟೆಯ ಗುರುತು ತುಟ್ಟಿ. ನಮ್ಮಲ್ಲಿ ಹಣೆಗೆ ಹಚ್ಚುವ ಟಿಕಳಿ ಹಚ್ಚುತ್ತಿದ್ದರು. ಮೀಸೆ ಬಂದ ಹುಡುಗರು ಮೊಣಕಾಲಿಗೆ ಕೆಂಪು ಟಿಕಳಿ ಹಚ್ಚಿಕೊಂಡು ನಾಚುತ್ತಾ ಕೂರುವುದು ನೋಡಬೇಕು ನೀವು! ಬೆವರಿಗೆ ಅದು ಐದು ನಿಮಿಷವೂ ನಿಲ್ಲುವುದಿಲ್ಲ. ಈಗ ಗಾಯಕ್ಕೆ ಹಾಕುವ ಬಿಳಿ ಟೇಪಿನ ಚೂರು ಅಂಟಿಸಿ, ನಡುವೆ ಮಾರ್ಕರ್‌ನಲ್ಲಿ ಕರಿ ಚುಕ್ಕೆ ಇಡುತ್ತೇವೆ. ಅದೂ ಪೂರ್ತಿ ನಂಬುವ ಹಾಗಿಲ್ಲ. ಚರ್ಮ ಎಲುಬಿನ ಮೇಲೆ ಜಾರುತ್ತದೆ, ಚುಕ್ಕೆಯೂ ಜೊತೆಗೇ ಜಾರುತ್ತದೆ. ಒಂದೆರಡು ಡಿಗ್ರಿಗಾಗಿ ಜಗಳ ಆಡುವವರಿಗೆ ಇದನ್ನು ನೆನಪಿಸಬೇಕಾಗುತ್ತದೆ.

ಪೆಡಲ್ ಪೂರ್ತಿ ಕೆಳಗೆ ಇರುವಾಗ ಮೊಣಕಾಲು 25ರಿಂದ 35 ಡಿಗ್ರಿ ಬಾಗಿರಬೇಕು ಅನ್ನುವ ಮಾತು ಎಲ್ಲ ಸೈಕಲ್ ಹುಡುಗರ ಬಾಯಲ್ಲೂ ಇದೆ. ಅದು ಪೆಡಲ್ ನಿಲ್ಲಿಸಿ ಅಳೆದ ಲೆಕ್ಕ. ತುಳಿಯುತ್ತಿರುವಾಗ ವಿಡಿಯೋದಲ್ಲಿ ಅಳೆದರೆ ಕೆಲವು ಡಿಗ್ರಿ ಜಾಸ್ತಿಯೇ ಬರುತ್ತದೆ, ಯಾಕೆಂದರೆ ಹಿಮ್ಮಡಿಯೂ ಸೊಂಟವೂ ಆಡುತ್ತಿರುತ್ತವೆ. ಇದು ಗೊತ್ತಿಲ್ಲದೆ ವಿಡಿಯೋ ನೋಡಿ ಸೀಟು ಎತ್ತಿಸಿದವರು ಇದ್ದಾರೆ. ಸೀಟು ಎತ್ತರ ಆದರೂ ಪಕ್ಕದಿಂದ ತೆಗೆದ ವಿಡಿಯೋದಲ್ಲಿ ಮೊಣಕಾಲಿನ ಕೋನ ಸರಿಯಾಗೇ ಕಾಣಬಹುದು. ಹುಡುಗ ಗೊತ್ತಿಲ್ಲದೆಯೇ ಬೆರಳು ಕೆಳಗೆ ಚಾಚಿ ಪೆಡಲ್ ಮುಟ್ಟುತ್ತಿರುತ್ತಾನೆ. ಹಿಂದಿನಿಂದ ಒಂದು ಕ್ಲಿಪ್ ತೆಗೆದಾಗ ಗುಟ್ಟು ರಟ್ಟಾಗುತ್ತದೆ. ಪ್ರತಿ ತುಳಿತಕ್ಕೂ ಸೊಂಟ ಎಡಕ್ಕೆ ಬಲಕ್ಕೆ ವಾಲುತ್ತದೆ. ನೋವು ಅಂತ ಅವನು ತೋರಿಸುವುದು ಮೊಣಕಾಲನ್ನು. ಸರಿಮಾಡಬೇಕಾದದ್ದು ಸೀಟಿನ ಬೋಲ್ಟು.

ಕುಸ್ತಿ ಮಾತ್ರ ಕ್ಯಾಮೆರಾಕ್ಕೆ ಸುಲಭಕ್ಕೆ ಬಗ್ಗುವುದಿಲ್ಲ. ಬಾಗಲಕೋಟೆ ಕಡೆಯ ಒಂದು ಗರಡಿಗೆ ಕರೆದಿದ್ದರು. ಒಳಗೆ ಟ್ಯೂಬ್‌ಲೈಟು. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗಲ್ಲ. 240 ಫ್ರೇಮಿನಲ್ಲಿ ತೆಗೆದರೆ ಇಡೀ ಗರಡಿ ದೀಪಾವಳಿ. 50 ಫ್ರೇಮಿಗೆ ಇಳಿಸಿ, ಶಟರ್ 1/100 ಇಟ್ಟರೆ ಮಿನುಗು ನಿಲ್ಲುತ್ತದೆ. ಆ ತೊಂದರೆ ಬಗೆಹರಿಯಿತು. ಇಬ್ಬರು ಮೈಗೆ ಮೈ ಅಂಟಿಕೊಂಡಾಗ ಒಬ್ಬನ ಕೈ ಇನ್ನೊಬ್ಬನ ಬೆನ್ನ ಹಿಂದೆ ಹೋಗುವುದಕ್ಕೆ ಏನು ಮಾಡುತ್ತೀರಿ? ಎರಡು ಕಡೆಯಿಂದ ತೆಗೆದರೂ ಮುಖ್ಯವಾದ ಹಿಡಿತ ಮೂರನೇ ಕಡೆ ಇರುತ್ತದೆ.

ಅಲ್ಲಿಯ ಉಸ್ತಾದರಿಗೆ ಮೊದಮೊದಲು ಈ ವಿಡಿಯೋ ಗಿಡಿಯೋದಲ್ಲಿ ಅಷ್ಟು ವಿಶ್ವಾಸ ಇರಲಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತು, ಗಲ್ಲದ ಮೇಲೆ ಕೈ ಇಟ್ಟು ನೋಡಿದರು. "ಹಿಡಿದದ್ದು ಕಾಣ್ತೈತಿ. ಬಿಗಿ ಎಲ್ಲಿ ಕಾಣ್ತೈತ್ರಿ?" ಅಂದರು. ನಿಜ. ವಿಡಿಯೋ ಕೈ ಎಲ್ಲಿದೆ ಅಂತ ಹೇಳುತ್ತದೆ, ಎಷ್ಟು ಬಲ ಹಾಕಿದ್ದಾನೆ ಅಂತ ಹೇಳುವುದಿಲ್ಲ. ಬಲ ಅಳೆಯಲು ಬೇರೆಯೇ ಯಂತ್ರಗಳಿವೆ, ನಮ್ಮ ಗರಡಿಗೆ ಬರುವಂಥವಲ್ಲ. ಹಾಗಂತ ಉಸ್ತಾದರು ಎದ್ದು ಹೋಗಲಿಲ್ಲ. ಹುಡುಗ ಕೆಡವಿಸಿಕೊಂಡ ಕ್ಲಿಪ್ಪನ್ನು ಹಿಂದಕ್ಕೆ, ಹಿಂದಕ್ಕೆ ಅಂತ ಓಡಿಸಿದರು. ಎದುರಾಳಿ ಕಾಲಿಗೆ ಕೈ ಹಾಕುವುದಕ್ಕೂ ಮುಂಚೆ, ಹುಡುಗನ ಕುತ್ತಿಗೆ ಹಿಡಿದು ತಲೆ ಕೆಳಗೆ ಒತ್ತಿದ್ದ. ಹುಡುಗ ತಲೆ ಬಿಡಿಸಿಕೊಳ್ಳಲು ಒಂದು ಹೆಜ್ಜೆ ಮುಂದಿಟ್ಟ. ಭಾರವೆಲ್ಲ ಮುಂಗಾಲಿಗೆ ಬಂತು. ಎದುರಾಳಿಗೆ ಬೇಕಿದ್ದದ್ದೂ ಅದೇ ಕಾಲು. "ಇಲ್ಲೇ ಸತ್ತ ಮಗ" ಅಂತ ಉಸ್ತಾದರು ಸ್ಕ್ರೀನಿಗೆ ಬೆರಳಿನಿಂದ ಕುಟ್ಟಿದರು. ಆ ಬೆರಳಿನ ಕೆಂಪು ಮಣ್ಣಿನ ಗುರುತು ಲ್ಯಾಪ್‌ಟಾಪ್ ಮೇಲೆ ಬಿತ್ತು. ಅದನ್ನು ಒರೆಸಿಕೊಂಡೇ ಮುಂದಿನ ಕ್ಲಿಪ್ ಹಾಕಿದೆ.

ಈಗ ಮೈಮೇಲೆ ತಾನಾಗಿ ಗೆರೆ ಎಳೆದು ಅಸ್ಥಿಪಂಜರ ತೋರಿಸುವ ಆ್ಯಪ್‌ಗಳು ಬಂದಿವೆ. ಹುಡುಗರಿಗೆ ಬಹಳ ಇಷ್ಟ. ನೇರ ಓಟಕ್ಕೆ, ಮೈಗೆ ಅಂಟುವ ಬಟ್ಟೆಗೆ ಪರವಾಗಿಲ್ಲ. ಪಕ್ಕದಿಂದ ನೋಡಿದಾಗ ಎರಡು ಕಾಲು ಒಂದರ ಮೇಲೊಂದು ಹಾದು ಹೋಗುವ ಗಳಿಗೆಯಲ್ಲಿ ಎಡಗಾಲು ಬಲಗಾಲಾಗಿಬಿಡುತ್ತದೆ. ಸಡಿಲ ಪ್ಯಾಂಟ್ ಹಾಕಿದರೆ ಮೊಣಕಾಲನ್ನು ಬಟ್ಟೆಯ ಮಡಿಕೆಯಲ್ಲಿ ಹುಡುಕುತ್ತದೆ. ಕುಸ್ತಿಯಲ್ಲಿ ಇಬ್ಬರ ಕೈಕಾಲು ಸೇರಿಸಿ ಒಬ್ಬನನ್ನೇ ಮಾಡುತ್ತದೆ. ನಾನು ಕಿನೋವಿಯಾ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಕೈಯಿಂದಲೇ ಗೆರೆ ಎಳೆಯುತ್ತೇನೆ. ನಿಧಾನ. ಆದರೆ ಗೆರೆ ಎಳೆಯುವಾಗ ಕಾಲನ್ನೇ ನೋಡುತ್ತಿರುತ್ತೇನೆ ಅಲ್ವಾ, ಲಾಭ ಅದು. ಇನ್ನೊಂದು: ಈ ಕ್ಲಿಪ್‌ಗಳನ್ನು ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸಬೇಡಿ. ಅದು ಹಿಂಡಿ ಸಣ್ಣದು ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ.

ತೆಗೆಯುವುದು ಅರ್ಧ ಕೆಲಸ. ತೋರಿಸುವುದು ಇನ್ನೂ ಕಷ್ಟದ್ದು. ತನ್ನದೇ ವಿಡಿಯೋ ನೋಡಿದ ಕೂಡಲೇ ಎಂಥ ಆಟಗಾರನಿಗೂ ಹೊಟ್ಟೆ, ಕೂದಲು, ಬಾಯಿ ತೆರೆದ ಮುಖ, ಇವೇ ಕಾಣುತ್ತವೆ. ಮೊದಲ ಸಲ ನಗಲು ಬಿಡಬೇಕು. ಎರಡನೇ ಸಲ ಏನು ಕಂಡಿತು ಅಂತ ಅವರನ್ನೇ ಕೇಳಬೇಕು. ಕೋಚ್ ಒಂದೇ ಮಾತು ಹೇಳುತ್ತಾರೆ, ಒಂದೇ. ಆ ಮಾತೂ ಮೈ ಬಗ್ಗೆ ಇರುವುದಿಲ್ಲ. "ಮೊಣಕಾಲು ಬಗ್ಗಿಸು" ಅನ್ನುವುದಿಲ್ಲ, "ನೆಲ ಹಿಂದಕ್ಕ ಒದಿ" ಅನ್ನುತ್ತಾರೆ. ಇದರ ಹಿಂದೆ ಸಂಶೋಧನೆ ಇದೆ. ಗೇಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು 1998ರಲ್ಲಿ ಸ್ಕೀಯಿಂಗ್ ಕಲಿಸುವ ಯಂತ್ರದ ಮೇಲೆ ಜನರನ್ನು ನಿಲ್ಲಿಸಿ ನೋಡಿದರು. ತಮ್ಮ ಪಾದದ ಮೇಲೆ ಗಮನ ಇಟ್ಟವರಿಗಿಂತ, ಪಾದದ ಕೆಳಗಿನ ಚಕ್ರಗಳ ಮೇಲೆ ಗಮನ ಇಟ್ಟವರು ಚೆನ್ನಾಗಿ ಕಲಿತರು. ಆಮೇಲೆ ಬೇರೆ ಬೇರೆ ಆಟಗಳಲ್ಲೂ ಇದೇ ಕಂಡಿತು. ವಿಡಿಯೋ ಮಾಡುವುದು ಇದಕ್ಕೆ ಉಲ್ಟಾ. ಅದು ನಮ್ಮ ಮೈಯನ್ನೇ ನಮಗೆ ತೋರಿಸುತ್ತದೆ. ಹತ್ತು ಗೆರೆ, ಹತ್ತು ಕೋನ ಹಾಕಿ ತೋರಿಸಿದ ಮೇಲೆ ಆ ಹುಡುಗಿ ಓಡುವಾಗ ತನ್ನ ಕಾಲನ್ನೇ ಯೋಚಿಸುತ್ತಾ ಓಡುತ್ತಾಳೆ. ನನ್ನ ಅಭಿಪ್ರಾಯ ಕೇಳಿದರೆ, ಕೋನಗಳೆಲ್ಲ ಕೋಚ್ ಹತ್ತಿರ ಇರಲಿ. ಪಂದ್ಯದ ಹಿಂದಿನ ದಿನ ಅಂತೂ ಏನೂ ತೋರಿಸಬಾರದು.

ಹುಡುಗಿಯರ ವಿಡಿಯೋ ತೆಗೆಯುವಾಗ ಒಂದು ಮಾತು ಮೊದಲೇ ಆಗಬೇಕು. ಒಬ್ಬ ಹುಡುಗಿಯ ಅಪ್ಪ, ಹೊಲದಿಂದ ಸೀದಾ ಬಂದವರು, ಗೇಟಿನ ಹತ್ತಿರವೇ ನಿಲ್ಲಿಸಿ ಕೇಳಿದರು. "ಸರ್, ಇದನ್ನ ಎಲ್ಲಿ ಹಾಕ್ತೀರಿ?" ಕೇಳಲೇಬೇಕಾದ ಪ್ರಶ್ನೆ. ನಿಧಾನಗತಿಯಲ್ಲಿ ಓಡುವ ಹೆಣ್ಣುಮಕ್ಕಳ ವಿಡಿಯೋ ಯಾರ ಮೊಬೈಲಿಗೆ ಹೋಗಿ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು. ಅವರನ್ನು ಟ್ರೈಪಾಡ್ ಹತ್ತಿರ ಕರೆದುಕೊಂಡು ಹೋಗಿ ಫ್ರೇಮ್ ತೋರಿಸಿದೆ. ಸೊಂಟದಿಂದ ಕೆಳಗೆ, ಪಕ್ಕದಿಂದ, ದೂರದಿಂದ. ಈ ಫೈಲು ಕೋಚ್ ಹತ್ತಿರ ಬಿಟ್ಟರೆ ಎಲ್ಲೂ ಹೋಗುವುದಿಲ್ಲ. ಬೇರೆಯವರು ಮೊಬೈಲ್ ಎತ್ತಿದರೆ ಕೋಚ್ ಅಲ್ಲಿಂದಲೇ ಕೂಗುತ್ತಾರೆ. ಮನೆಯವರು ಒಪ್ಪದಿದ್ದರೆ ಶೂಟ್ ಇಲ್ಲ, ಹಾಗಂತ ಆ ಹುಡುಗಿಯ ಕಲಿಕೆ ನಿಲ್ಲಬಾರದು. ಆ ಅಪ್ಪ ಸ್ವಲ್ಪ ಹೊತ್ತು ಸ್ಕ್ರೀನು ನೋಡುತ್ತಾ ನಿಂತರು. "ಬರೀ ಕಾಲೇ ಕಾಣ್ತಾವಲ್ರೀ. ಹಾರೂದು ತಗ್ಯಾಂಗಿಲ್ಲೇನು?" ಅಂತ ಕೇಳಿದರು. ನಮ್ಮ ಭಯ ಒಂದಾದರೆ ಅವರ ಬೇಸರ ಇನ್ನೊಂದು.

ಇದು ಎಲ್ಲರ ದೂರು. ಹುಡುಗರಿಗೆ ರೀಲ್ಸ್ ಬೇಕು. ಹಾಡು ಹಾಕಿ, ಸ್ಲೋ ಮೋಷನ್‌ನಲ್ಲಿ, ಮರಳು ಚಿಮ್ಮುವುದು ಕಾಣಬೇಕು. ತಪ್ಪೇನಿಲ್ಲ, ಹದಿನಾರು ವರ್ಷದವರಿಗೆ ಅದು ಬೇಡ ಅಂದರೆ ಯಾವುದು ಬೇಕು? ಹಾಗಾಗಿ ಕೊನೆಯ ಜಿಗಿತಗಳಿಗೆ ಇನ್ನೊಂದು ಮೊಬೈಲನ್ನು ಗುಂಡಿಯ ಮುಂದೆ ಇಡುತ್ತೇನೆ. ಆ ಫೈಲು ಆಟಗಾರರದು, ಹುಡುಗಿಯರದಾದರೆ ಮನೆಯವರ ಕೈಗೆ. ಮದುವೆ ಎಡಿಟಿಂಗ್ ಗೊತ್ತಿರುವುದು ಅಲ್ಲಿ ಕೆಲಸಕ್ಕೆ ಬರುತ್ತದೆ, ಹಾಡಿನ ತಾಳಕ್ಕೆ ಸರಿಯಾಗಿ ಮರಳು ಚಿಮ್ಮಿಸಿ ಕೊಡುತ್ತೇನೆ. ಕೋಚ್ ಅದನ್ನು ನೋಡುವುದೇ ಇಲ್ಲ. ಈಗ ಅವರಿಗೆ ಟ್ರೈಪಾಡ್ ಇನ್ನೂ ಎರಡು ಮೀಟರ್ ಹಿಂದಕ್ಕೆ ಬೇಕಂತೆ. ಆರನೇ ಹೆಜ್ಜೆಯ ಮೇಲೆ ಅವರಿಗೇನೋ ಅನುಮಾನ.